ಗೇಮ್ ಹಾಡಿನ ಜಡ್ಜ್ ಮತ್ತು ಒಂದು ತಟ್ಟೆ ಹುರಳಿಕಾಯಿ

ಸಂಗೀತಕ್ಕೆ ತನ್ನ ಕಿವಿ ಬಹಳ ಚೆನ್ನಾಗಿದೆ ಅಂತ ಹೇಳ್ಕೊಂಡು ಓಡಾಡೋನಿಗೆ ವಾರಕ್ಕೊಂದು ಆಘಾತ ತಪ್ಪಿದ್ದಲ್ಲ. ನಾನು ವಿಜಯನಗರದಲ್ಲಿ ಕೀಬೋರ್ಡ್ ಮೇಷ್ಟ್ರು. ಒಂದು ಕಾಲಕ್ಕೆ ಗಣೇಶನ ಪೆಂಡಾಲ್‌ಗಳಲ್ಲಿ ಆರ್ಕೆಸ್ಟ್ರಾ ನುಡಿಸ್ತಿದ್ದೆ. ಆಮೇಲೆ ಪೆಂಡಾಲ್‌ಗೆ ಡಿಜೆ ಬಂದ, ನಾನು ಮನೆಗೆ ಬಂದೆ. 'ಸಾರ್, ನೀವೇ ಹೇಳಬೇಕು' ಅಂತ ಒಬ್ಬರು ನನ್ನನ್ನ ಕೇಳಿ ವರ್ಷಗಳೇ ಆಗಿದ್ವು. ಅಂಥ ಹೊತ್ತಲ್ಲಿ ಸಿಕ್ಕಿದ್ದು ಈ ಜಡ್ಜ್ ಕುರ್ಚಿ. ಅದನ್ನ ಉಳಿಸ್ಕೊಳ್ಳೋಕೆ ಪಟ್ಟ ಪಾಡು ಇದು.

ಮೊದಲನೇ ಗುಂಡಿ

ಕುರ್ಚಿ ಕೊಟ್ಟವಳು ನನ್ನ ಹಳೇ ಶಿಷ್ಯೆ, ಕೆಂಗೇರಿ ಹುಡುಗಿ. ಇಂಟರ್ನೆಟ್‌ನಲ್ಲಿ ಒಂದು ಗುಂಪು ನಡೆಸ್ತಾಳೆ. ವಿಡಿಯೋ ಗೇಮಲ್ಲಿ ಬರೋ ಹಾಡುಗಳನ್ನ ಜನ ತಮ್ಮ ರೀತೀಲಿ ರೀಮಿಕ್ಸ್ ಮಾಡಿ ಅಲ್ಲಿಗೆ ಕಳಿಸ್ತಾರೆ. ಮೂವರು ಜಡ್ಜ್‌ಗಳು: ಅವಳು, ನಾನು, ಮತ್ತೆ ಹೇರೋಹಳ್ಳಿಲಿ ರೂಮ್ ಮಾಡ್ಕೊಂಡಿರೋ ಹಾವೇರಿ ಕಡೆಯ ಡೆಲಿವರಿ ರೈಡರ್ ಒಬ್ಬ. ನಿಯಮ ಸರಳ. ಮೂಲ ಧಾಟಿಯ ಗುರುತು ಸಿಗಬೇಕು, ಕಳಿಸಿದವರ ಸ್ವಂತದ್ದೂ ಸಾಕಷ್ಟು ಇರಬೇಕು. ಇಲ್ಲದಿದ್ರೆ ವಾಪಸ್. ವಾಪಸ್ ಕಳಿಸುವಾಗ ಬರೆಯೋ ಒಕ್ಕಣೆ ನಾನೇ ಮಾಡಿಕೊಟ್ಟೆ: 'ಮೂಲ ಬಹಳ ಚೆನ್ನಾಗಿದೆ. ತಮ್ಮದು ಅಂತ ಏನೂ ಸೇರಿಲ್ಲ. ಮತ್ತೆ ಪ್ರಯತ್ನಿಸಿ.' ಆ ಮೂರು ಸಾಲಿನ ಬಗ್ಗೆ ನನಗೆ ತುಂಬ ಹೆಮ್ಮೆ.

ಮೊದಲು ಬಂದದ್ದು ಒಂದು ಗೇಮಿನ ಆರನೇ ಹಂತದ ಹಾಡಿನ ರೀಮಿಕ್ಸ್. ಮೂಲ ಕೇಳದೆ ತೀರ್ಪು ಕೊಡೋದು ಅನ್ಯಾಯ ಅಲ್ವಾ? ಗೇಮನ್ನ ಫೋನಿಗೆ ಹಾಕಿಸ್ಕೊಂಡು ಕೂತೆ. ಅದರಲ್ಲಿ ಒಬ್ಬ ಓಡ್ತಾನೆ, ಗುಂಡಿ ಬಂದಾಗ ನಾವು ಹಾರಿಸಬೇಕು. ಹೇರೋಹಳ್ಳಿ ರಸ್ತೆಲಿ ಸ್ಕೂಟರ್ ಓಡಿಸಿದ ನನಗೆ ಗುಂಡಿ ಏನೂ ಹೊಸದಲ್ಲ. ಆದ್ರೂ ನಾಲ್ಕು ದಿನ ಮೊದಲನೇ ಗುಂಡಿಗೇ ಬಿದ್ದೆ. ಬಿದ್ದಾಗಲೆಲ್ಲ ಸಾಯೋ ಧಾಟಿ ಒಂದು ಬರುತ್ತೆ. ಅದು ಮಾತ್ರ ನನಗೂ ನನ್ನ ಹೆಂಡತಿಗೂ ಬಾಯಿಪಾಠ ಆಗೋಯ್ತು.

ಐದನೇ ದಿನ ಹುಡುಗಿಗೆ ಫೋನ್ ಮಾಡಿ, 'ಇನ್ನೊಂದು ತಿಂಗಳು ಟೈಮ್ ಕೊಡಮ್ಮ, ಇನ್ನೂ ಒಂದನೇ ಹಂತದಲ್ಲೇ ಇದೀನಿ' ಅಂದೆ.

ಅವಳು ಮೆತ್ತಗೆ, 'ಸಾರ್, ಮೂಲ ಹಾಡು ಬೇರೆಯಾಗೇ ಸಿಗುತ್ತೆ. ಲಿಂಕ್ ಕಳಿಸಿದ್ನಲ್ಲ, ಒತ್ತಿದ್ರೆ ಆಗೋದು' ಅಂದ್ಲು. ಅಷ್ಟು ಸಲ ಸತ್ತಿದ್ದೆಲ್ಲ ದಂಡ.

ನಿಧಾನ

ಆಮೇಲೊಂದು ಕೊಳಲಿನ ರೀಮಿಕ್ಸ್ ಬಂತು. ಆಹಾ, ಎಂಥ ಗಾಂಭೀರ್ಯ. ಕಣ್ಣು ಮುಚ್ಚಿ ಕೇಳಿ, 'ಅಪೂರ್ವ ಕಲ್ಪನೆ' ಅಂತ ಬರೆಯೋಕೆ ಶುರು ಮಾಡಿದೆ. ಹೆಂಡತಿ ಅಡುಗೆಮನೆಲಿ ಹುರಳಿಕಾಯಿ ನಾರು ತೆಗೀತಾ ಕೂತಿದ್ಲು.

'ರೀ, ಇದು ಆ ಸಾಯೋ ಹಾಡಲ್ವಾ? ನಿಧಾನ ಮಾಡಿದಾರೆ, ಅಷ್ಟೇ.'

ಮತ್ತೆ ಹಾಕಿ ಕೇಳಿದೆ. ಹೌದು, ಅದೇ. ನಾಲ್ಕು ದಿನ ಗುಂಡಿಲಿ ಬಿದ್ದು ಕಲಿತ ಧಾಟಿ, ಅದೂ ಗೊತ್ತಾಗಲಿಲ್ಲ ನನಗೆ. ಆದ್ರೂ ಸೋಲೋಕೆ ಮನಸ್ಸಿಲ್ಲದೆ, 'ನಿಧಾನ ಮಾಡೋದೂ ಒಂದು ಕಲೆ ಕಣೇ, ಅದೂ ಹೊಸದೇ' ಅಂದೆ.

'ನೆನ್ನೆ ಸಾರನ್ನ ಇವತ್ತು ನಿಧಾನವಾಗಿ ಉಂಡ್ರೆ ಹೊಸ ಸಾರಾಗುತ್ತಾ?' ಅಂದ್ಲು.

ಅದನ್ನೇ ತೀರ್ಪಲ್ಲಿ ಬರೆದೆ. ಗುಂಪಲ್ಲಿ ಎಲ್ಲರೂ, 'ಸಾರ್, ಏನ್ ಹೇಳಿದ್ರಿ ಸಾರ್' ಅಂತ ಹೊಗಳಿದ್ದೇ ಹೊಗಳಿದ್ದು. ನಾನು ಸುಮ್ಮನೆ ಹೊಗಳಿಸ್ಕೊಂಡೆ.

ಗಟ್ಟಿಮೇಳ

ಮುಂದಿನದು ನಾದಸ್ವರ, ಡೋಲಲ್ಲಿ ಮಾಡಿದ ರೀಮಿಕ್ಸ್. ಮೂಲ ಒಂದು ಸಲ ಕೇಳಿ ಇದನ್ನ ಹಾಕಿದೆ. ಹಾಡು ನಡುವಿಗೆ ಬರ್ತಿದ್ದ ಹಾಗೇ ಢಣಢಣ ಅಂತ ಗಟ್ಟಿಮೇಳ. ನಮ್ಮ ಕಡೆ ಸೊಗಡು ಅಂದ್ರೆ ಇದಪ್ಪ ಅಂತ ನನಗೆ ರೋಮಾಂಚನ.

ಹೆಂಡತಿ ಚಾಕು ಕೆಳಗಿಟ್ಲು. 'ಮದುವೆಲಿ ಗಟ್ಟಿಮೇಳ ಯಾಕೆ ಬಾರಿಸ್ತಾರೆ?'

'ತಾಳಿ ಕಟ್ಟುವಾಗ ಯಾರಾದ್ರೂ ಸೀನಿದ್ರೆ ಕೇಳಿಸಬಾರದು ಅಂತ.'

'ಇಲ್ಲೂ ಅದೇ. ಮೂಲದಲ್ಲಿ ನಡುವೆ ಧಾಟಿ ಕಷ್ಟ ಇದೆ, ಇವನಿಗೆ ನುಡಿಸೋಕೆ ಬರಲ್ಲ. ಗಟ್ಟಿಮೇಳ ಹಾಕಿ ಮುಚ್ಚಿದಾನೆ.'

ಬರೆದು ಕಳಿಸಿದೆ. ಸಂಜೆಯೊಳಗೆ ಆ ಪುಣ್ಯಾತ್ಮನ ಉತ್ತರ ಬಂತು: 'ಹೇಗೆ ಕಂಡುಹಿಡಿದ್ರಿ ಸಾರ್? ಆ ಭಾಗ ನಿಜವಾಗ್ಲೂ ಕೈಗೆ ಕೂರಲಿಲ್ಲ.' ಓದಿ ಅವನಿಗಿಂತ ಜಾಸ್ತಿ ದಿಗ್ಭ್ರಮೆ ಆಗಿದ್ದು ನನಗೆ. 'ಅನುಭವ ಕಣಪ್ಪ' ಅಂತ ಬರೆದೆ. ಅವತ್ತಿಂದ ನಾನು ಹೆಂಡತಿ ಅಡುಗೆಮನೆಲಿ ಇದ್ದಾಗ ಮಾತ್ರ ಹಾಡು ಹಾಕ್ತಿದ್ದೆ, ಅದೂ ವಾಲ್ಯೂಮ್ ಜಾಸ್ತಿ ಮಾಡಿ.

ಬಾಣಂತನ

ಹೆಂಡತಿಯ ತಂಗಿ ಮನೆ ರಾಜಾಜಿನಗರದಲ್ಲಿ. ಅವರ ಮಗಳ ಬಾಣಂತನ ಅಂತ ಇವಳು ಎರಡು ವಾರ ಅಲ್ಲಿಗೆ ಹೋದ್ಲು. ಊಟದ ಚಿಂತೆ ನನಗೆ ಬರಲಿಲ್ಲ, ತೀರ್ಪಿನ ಚಿಂತೆ ಹತ್ತಿತು. ಫೋನಲ್ಲಿ ಕೇಳಿಸೋಣ ಅಂದ್ರೆ, 'ಮಗು ಮಲಗಿದೆ, ಇಡ್ರೀ' ಅಂತಾಳೆ.

ಎರಡನೇ ವಾರ ಒಂದು ಹಾಡು ಬಂತು. ಮೂರು ಸಲ ಕೇಳಿದೆ. ಎಲ್ಲೂ ತಪ್ಪಿಲ್ಲ, ಮೂಲದ ಗುರುತು ಚೆನ್ನಾಗಿ ಸಿಗ್ತಿದೆ. ಧೈರ್ಯ ಮಾಡಿ ನಾನೇ ಬರೆದೆ: 'ಮೂಲಕ್ಕಿಂತ ಎಷ್ಟೋ ಚೆನ್ನಾಗಿದೆ.'

ಹತ್ತೇ ನಿಮಿಷಕ್ಕೆ ಹೇರೋಹಳ್ಳಿ ರೈಡರ್ ಫೋನ್ ಮಾಡಿದ. 'ಸರ, ಅದನ್ನ ಕಳಿಸಿದಾಕಿ ಫೈಲ್ ತಪ್ಪಿ ಕಳಿಸ್ಯಾಳಂತ್ರಿ. ನೀವು ಕೇಳಿದ್ದು ಮೂಲಾನ ಐತ್ರಿ.'

ಕುರ್ಚಿ ಹೋಯ್ತು ಅನ್ನೋದು ಅವಾಗ್ಲೇ ಗೊತ್ತಾಯ್ತು.

ತೀರ್ಪು

ಭಾನುವಾರ ಬೆಳಿಗ್ಗೆ ಉಳಿದಿಬ್ಬರು ಜಡ್ಜ್‌ಗಳೂ ಮನೆಗೇ ಬಂದ್ರು. ಪುಣ್ಯಕ್ಕೆ ಹೆಂಡತಿ ಹಿಂದಿನ ದಿನವೇ ವಾಪಸ್ ಬಂದಿದ್ಲು. ಎಲ್ಲರಿಗೂ ಉಪ್ಪಿಟ್ಟು ಕೊಟ್ಟು ಒಳಗೆ ಹೋದ್ಲು. ಕೆಂಗೇರಿ ಹುಡುಗಿ ನೆಲ ನೋಡ್ಕೊಂಡು, 'ಸಾರ್, ಗುಂಪಲ್ಲಿ ತಕರಾರು ಬಂದಿದೆ. ಒಂದೇ ಒಂದು ಹಾಡು ಹಾಕ್ತೀನಿ. ನಿಮ್ಮ ಅಭಿಪ್ರಾಯ ಹೇಳಿ, ಎಲ್ಲರ ಬಾಯಿ ಮುಚ್ಚಿಸ್ತೀನಿ' ಅಂದ್ಲು. ಪಾಪ, ಅವಳಿಗೆ ನನ್ನನ್ನ ಉಳಿಸೋ ಆಸೆ. ನನಗೂ ಉಳಿಯೋ ಆಸೆ, ಸುಳ್ಳು ಯಾಕೆ ಹೇಳಲಿ.

ಮೊದಲು ಮೂಲ, ಆಮೇಲೆ ರೀಮಿಕ್ಸ್, ಎರಡೂ ಮುಗೀತು. ನಾನು ಗಂಟಲು ಸರಿ ಮಾಡ್ಕೊಂಡೆ. ಅಡುಗೆಮನೆ ಕಡೆ ಒಂದು ಸಲ ನೋಡಿದೆ. ಮತ್ತೆ ಗಂಟಲು ಸರಿ ಮಾಡ್ಕೊಂಡೆ.

ಒಳಗಿಂದ ಅಭ್ಯಾಸಬಲದಲ್ಲಿ ದನಿ ಬಂತು. 'ರೀ, ಮೊದಲರ್ಧ ಮೂಲದ್ದೇ. ಕೊನೇದು ಮಾತ್ರ ಅವನ ಸ್ವಂತದ್ದು, ಚೆನ್ನಾಗಿದೆ. ನಡುವೆ ಸ್ವಲ್ಪ ಗಟ್ಟಿಮೇಳ ಹಾಕಿ ಮುಚ್ಚಿದಾನೆ. ಬರ್ಕೊಂಡ್ರಾ?'

ರೈಡರ್ ಕೈಲಿದ್ದ ಉಪ್ಪಿಟ್ಟಿನ ಚಮಚ ಹಾಗೇ ನಿಂತಿತು. ಕೆಂಗೇರಿ ಹುಡುಗಿ ನನ್ನ ಮುಖ ನೋಡಿದ್ಲು, ಅಡುಗೆಮನೆ ನೋಡಿದ್ಲು, ಮತ್ತೆ ನನ್ನ ಮುಖ ನೋಡಿದ್ಲು. ರೈಡರ್ ತಟ್ಟೆ ಪಕ್ಕಕ್ಕಿಟ್ಟು ಫೋನಲ್ಲಿ ಏನೋ ಬರೆದ. ನನ್ನ ಫೋನ್ ಟಿಂಗ್ ಅಂತು. ತೆಗೆದು ನೋಡಿದ್ರೆ ನನ್ನದೇ ಒಕ್ಕಣೆ.

'ಮೂಲ ಬಹಳ ಚೆನ್ನಾಗಿದೆ. ತಮ್ಮದು ಅಂತ ಏನೂ ಸೇರಿಲ್ಲ. ಮತ್ತೆ ಪ್ರಯತ್ನಿಸಿ.'

ಕೆಂಗೇರಿ ಹುಡುಗಿ ಎದ್ದು ಸೀದಾ ಒಳಗೆ ಹೋದ್ಲು. 'ಆಂಟಿ, ಇನ್ಮೇಲೆ ನೀವೇ ಹೇಳಬೇಕು' ಅಂದದ್ದು ಕೇಳಿಸ್ತು. ಹೊಟ್ಟೆ ಉರೀತು. ಎಷ್ಟೋ ವರ್ಷದಿಂದ ಕಾಯ್ತಿದ್ದ ಮಾತು ಅದು, ಅಡುಗೆಮನೆ ಸೇರ್ತು.

'ನನಗೆಲ್ಲಿ ಪುರುಸೊತ್ತಮ್ಮ? ಈ ಹುರಳಿಕಾಯಿ ಯಾರು ಹೆಚ್ತಾರೆ?' ಅಂದ್ಲು ಹೆಂಡತಿ.

ಮೂವರೂ ನನ್ನ ಕಡೆ ತಿರುಗಿದ್ರು.

ಈಗ ಅವಳು ಹಾಲ್‌ನಲ್ಲಿ ಕೂತು ತೀರ್ಪು ಕೊಡ್ತಾಳೆ, ನಾನು ಒಳಗೆ. ಮೊನ್ನೆ ಮೊದಲ ಸಲ ಪಲ್ಯ ಪೂರ್ತಿ ನಾನೇ ಮಾಡಿ, ತಟ್ಟೆಗೆ ಹಾಕಿ ಅವಳ ಮುಂದಿಟ್ಟು ಕಾದೆ. ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಜಡ್ಜ್ ಥರಾನೇ ಯೋಚನೆ ಮಾಡಿದ್ಲು.

'ಹುರಳಿಕಾಯಿ ಬಹಳ ಚೆನ್ನಾಗಿದೆ. ಉಪ್ಪು ಅಂತ ಏನೂ ಸೇರಿಲ್ಲ. ಮತ್ತೆ ಪ್ರಯತ್ನಿಸಿ.'