ಎಂಜಿನ್ನಿಗೆ ಉಸಿರು ಕೊಟ್ಟ ಕಥೆ

ನಮ್ಮ ಹಳೇ ಕಾರಿಗೆ ಆನೆಬಲ ತರಿಸದಿದ್ದರೆ ನನ್ನ ಹೆಸರನ್ನೇ ಬದಲಾಯಿಸಿಕೊಳ್ಳುತ್ತೇನೆ ಎಂದು ಘೋಷಿಸಿಬಿಟ್ಟೆ! ಕಾರಣ ಗಟ್ಟಿಯಾಗಿತ್ತು. ನನ್ನ ಹೆಂಡತಿ ಡ್ರೈವಿಂಗ್ ಟೆಸ್ಟಿನಲ್ಲಿ ಒಮ್ಮೆ ಫೇಲಾಗಿದ್ದಳು. ದಿಣ್ಣೆಯ ಮಧ್ಯೆ ನಿಲ್ಲಿಸಿ ಮತ್ತೆ ಹೊರಡಿ ಅಂದಾಗ ಕಾರು ಹಿಂದಕ್ಕೆ ಜಾರಿತ್ತು. ಸೋಮವಾರ ಮತ್ತೆ ಟೆಸ್ಟು. ಈ ಸಲವೂ ಹೋದರೆ ಸ್ಟೀರಿಂಗ್ ಮುಟ್ಟುವುದೇ ಇಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದಳು.

"ತಪ್ಪು ನಿಂದಲ್ಲ ಕಣೇ, ಎಂಜಿನ್ನಿಂದು. ಇದಕ್ಕೆ ಟರ್ಬೋ ಇಲ್ಲ. ಗಾಳೀನ ತಾನೇ ಎಳ್ಕೋಬೇಕು. ಉಸಿರಾಟ ಸಲೀಸಾದ್ರೆ ಬಲ ತಾನಾಗೇ ಬರುತ್ತೆ."

"ಮೆಕ್ಯಾನಿಕ್ ಹತ್ರ ಬಿಡಬಾರದಾ?"

"ಎರಡು ವಿಡಿಯೋ ಪೂರ್ತಿ ನೋಡಿದೀನಿ!"

ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಭಾನುವಾರ ಶಸ್ತ್ರಚಿಕಿತ್ಸೆ ಶುರು. ಸೆಕೆಗೆ ಮೈಮೇಲಿನದೆಲ್ಲ ಕಳಚಿ, ಬರೀ ಲುಂಗಿಯಲ್ಲಿ ನಿಂತೆ. ಹಳೇ ಏರ್ ಫಿಲ್ಟರ್ ಕಿತ್ತೆ, ಗಾಳಿ ಕೊಳವೆಯೊಳಗೆ ಧೂಳು ಬೀಳದಂತೆ ಕೈಗೆ ಸಿಕ್ಕ ಬಟ್ಟೆ ತುರುಕಿದೆ, ಹೊಸ ಫಿಲ್ಟರ್ ಕೂರಿಸಿ ಬಾನೆಟ್ ಮುಚ್ಚಿದೆ. ಸ್ನಾನ ಮಾಡಿ ಬಂದರೆ ಬನಿಯನ್ ಇಲ್ಲ!

"ಒಂದು ಬನಿಯನ್ ಜೋಪಾನ ಮಾಡಕ್ಕಾಗಲ್ವೇನೇ ನಿಂಗೆ?"

"ನೀವು ಹಾಕ್ಕೊಂಡಿದ್ದನ್ನ ನಾನೆಲ್ಲಿಂದ ಹುಡುಕ್ಲಿ?"

ಇದೇ ಜಗಳದಲ್ಲಿ ಊರು ಸುತ್ತಲು ಹೊರಟೆವು. ಸಣ್ಣ ಏರಿನಲ್ಲೇ ಕಾರು ಏದುಸಿರು ಬಿಟ್ಟಿತು.

"ಮೂಗಿಗೆ ಏನೋ ಅಡ್ಡ ಸಿಕ್ಕೊಂಡ ಹಾಗಿದೆ ರೀ."

"ನಿಂಗೆ ಗೊತ್ತಾಗಲ್ಲ, ಸುಮ್ನಿರು. ಭಾರ ಜಾಸ್ತಿಯಾಗಿದೆ. ಭಾರ ಇಳಿಸಿದಷ್ಟೂ ಗಾಡಿ ಚೆನ್ನಾಗಿ ಏರುತ್ತೆ. ಇದು ವಿಜ್ಞಾನ!"

ಸ್ಟೆಪ್ನಿ, ಜಾಕು, ಹಿಂದಿನ ಸೀಟು ಎಲ್ಲವೂ ಹಾಲ್ ಸೇರಿದವು. ಅತ್ತೆಯವರು ಸೀಟಿನ ಮೇಲೆ ಕೂತು ಟೀವಿ ಹಾಕಿಕೊಂಡರು. ಸೋಫಾಗಿಂತ ವಾಸಿ ಎಂದರು.

ಸೋಮವಾರ. ದಿಣ್ಣೆಯ ಬುಡದಲ್ಲಿ ನಾನು ನಿಂತೆ. ಇವಳ ಪಕ್ಕ ಇನ್ಸ್‌ಪೆಕ್ಟರ್ ಕೂತರು. ಅರ್ಧ ದಾರಿಯಲ್ಲಿ ಕಾರು ಗೊರಗೊರ ಎಂದು ನಿಂತೇಹೋಯಿತು. ಆದರೆ ಇವಳು ಹ್ಯಾಂಡ್‌ಬ್ರೇಕ್ ಎಳೆದಿದ್ದಳು. ಒಂದಿಂಚೂ ಜಾರಲಿಲ್ಲ. ನಾನು ಕಾರಿನತ್ತ ಓಡಿದೆ.

ಇನ್ಸ್‌ಪೆಕ್ಟರ್ ಬಾನೆಟ್ ತೆಗೆಸಿ, ಫಿಲ್ಟರ್ ಎತ್ತಿಸಿ, ಕೊಳವೆಯೊಳಗೆ ಕೈ ಹಾಕಿ ಎಳೆದರು. ಎಳೆದಷ್ಟೂ ಬಂತು. ತೋಳಿನ ತೂತು ಬಂತು, ಬೆನ್ನಿನ ಹರುಕೂ ಬಂತು.

"ಇದು ಕಂಪನಿಯವರೇ ಕೊಟ್ಟಿದ್ದಾ ಅಮ್ಮಾ?"

"ಅಲ್ಲ ಸಾರ್, ನಮ್ಮ ಮನೆಯವರದ್ದು. ನಿನ್ನೆಯಿಂದ ಹುಡುಕ್ತಿದ್ವಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇವಳು ಕಾರು ಸ್ಟಾರ್ಟ್ ಮಾಡಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ದಿಣ್ಣೆ ಏರಿಸಿದಳು. ಪಾಸು!

ಅವರನ್ನು ಇಳಿಸಿ ಹಿಂತಿರುಗಿದವಳು ನನ್ನ ಮುಂದೆ ಕಾರು ನಿಲ್ಲಿಸಿದಳು. ಮನೆಗೂ ಅದೇ ದಿಣ್ಣೆ ಹತ್ತಬೇಕು. ನಾನು ಹಲ್ಲು ಕಿರಿಯುತ್ತಾ ಬಾಗಿಲಿಗೆ ಕೈ ಹಾಕಿದೆ. ಲಾಕ್ ಆಗಿತ್ತು. ಗಾಜು ಇಳಿಯಿತು.

"ಭಾರ ಇಳಿಸಿದಷ್ಟೂ ಚೆನ್ನಾಗಿ ಏರುತ್ತೆ ಅಂದಿದ್ರಲ್ಲ? ನಡ್ಕೊಂಡು ಬನ್ನಿ."

ಕಿಟಕಿಯಿಂದ ಬನಿಯನ್ ಹೊರಗೆ ಬಂತು.

"ಇದನ್ನೂ ಹಿಡ್ಕೊಳ್ಳಿ. ಜೋಪಾನ!"