ಅಳಿಯಂದಿರ ಹಾಡೂ ಹೊಸ ಡಿಸ್ಕೂ

ಕನ್ನಡಕದಂಗಡಿಯ ಯಜಮಾನರಿಗೆ ಎರಡು ವಿಷಯದಲ್ಲಿ ಅಪಾರ ಹೆಮ್ಮೆ: ತಮ್ಮ ಕಂಠ ಮತ್ತು ಮನೆಯ ನೆಟ್‌ವರ್ಕು. ಕಂಠ ಹುಟ್ಟಿನಿಂದ ಬಂದದ್ದು. ನೆಟ್‌ವರ್ಕನ್ನು ಮಾತ್ರ ಅವರೇ ಗೋಡೆ ಕೊರೆದು, ತಂತಿ ಎಳೆದು, ಸೊಂಟ ಉಳುಕಿಸಿಕೊಂಡು ಸ್ಥಾಪಿಸಿದ್ದರು. ಓದುವ ಕೋಣೆಯ ಹಾರ್ಡ್ ಡಿಸ್ಕಿನಿಂದ ಮನೆಯ ವಿಡಿಯೋಗಳೆಲ್ಲ ಹಜಾರದ ಟೀವಿಗೆ ಹರಿದು ಬರುತ್ತಿದ್ದವು.

ಹರಿದು ಎಂದರೆ ಉತ್ಪ್ರೇಕ್ಷೆಯಾದೀತು; ಏದುಸಿರು ಬಿಡುತ್ತ ತೆವಳುತ್ತಿದ್ದವು. ನಾದಿನಿಯ ಮದುವೆಯಲ್ಲಿ ಯಜಮಾನರು ಹಾಡಿದ ವಿಡಿಯೋ ಹಾಕಿದರಂತೂ ಚಿತ್ರ ನಿಲ್ಲುತ್ತಿತ್ತು, ದನಿ ಕಡಿಯುತ್ತಿತ್ತು, ಪರದೆಯ ನಡುವೆ ಚಕ್ರವೊಂದು ತಿರುಗುತ್ತ ಕೂರುತ್ತಿತ್ತು.

"ಎಂಥಾ ಕಂಠ ಅಳಿಯಂದ್ರದು. ಈ ಹಾಳು ಪೆಟ್ಟಿಗೆ ಕೇಳೋಕೆ ಬಿಡಲ್ವಲ್ಲ" ಎಂದು ಅತ್ತೆ ಮರುಗುತ್ತಿದ್ದರು. (ಮದುವೆಯ ದಿನ ಅವರು ಅಡುಗೆಮನೆಯ ಉಸ್ತುವಾರಿಯಲ್ಲಿದ್ದರು, ಹಾಡು ಕೇಳಿರಲಿಲ್ಲ.)

"ಡಿಸ್ಕಿಗೆ ವಯಸ್ಸಾಗಿದೆ, ಓದೋ ವೇಗ ಸಾಲ್ತಿಲ್ಲ. ಹೊಸದು ಹಾಕ್ತೀನಿ" ಎಂದು ಯಜಮಾನರು ಘೋಷಿಸಿದರು.

"ಹಳೇದೇ ಇರ್ಲಿ ಬಿಡಿ" ಎಂದಳು ಹೆಂಡತಿ.

"ನಿಂಗೆ ತಾಂತ್ರಿಕ ವಿಚಾರ ಗೊತ್ತಾಗಲ್ಲ."

"ನಾನು ಮದುವೇಲಿ ಮುಂದಿನ ಸಾಲಲ್ಲೇ ಕೂತಿದ್ದೆ. ಅದಕ್ಕೇ ಹೇಳ್ತಿರೋದು."

ಮಾತಿನ ಮರ್ಮ ಯಜಮಾನರ ಕಿವಿಯ ಪಕ್ಕದಿಂದ ಹಾದುಹೋಯಿತು.

ಭಾನುವಾರ ಮಧ್ಯಾಹ್ನ ಹೊಸ ಡಿಸ್ಕಿನ ಲೋಕಾರ್ಪಣೆಗೆ ಹೆಂಡತಿಯ ತವರಿನವರೆಲ್ಲ ಬಂದು ಕೂತರು. ಟೀವಿಯಲ್ಲಿ ಮೊದಲು ಮದುವೆಯ ಊಟದ ಪಂಕ್ತಿ ಬಂತು. ಚಿತ್ರ ಒಂದು ಕಡೆಯೂ ತಡವರಿಸಲಿಲ್ಲ.

"ನೀರು ಹರಿದಂಗೆ ಹೋಗ್ತಿದೆ ಭಾವ" ಎಂದ ಬಾಮೈದ.

ಯಜಮಾನರ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸುವಷ್ಟು ಉಬ್ಬಿತು. "ಈಗ ಹಾಡು ಕೇಳಿ."

ಪಲ್ಲವಿ ಹೇಗೋ ದಾಟಿತು. ಮೇಲಿನ ಸ್ವರಕ್ಕೆ ಹತ್ತಿದ ದನಿ ನಡುದಾರಿಯಲ್ಲಿ ನಿಂತಿತು, ಕೀರಲಾಯಿತು, ಒಡೆಯಿತು, ಆಮೇಲೆ ಬೇರೆಲ್ಲೋ ಹೋಗಿ ಬಿದ್ದಿತು. ವಿಡಿಯೋದಲ್ಲಿ ಅವರ ಬೆನ್ನ ಹಿಂದಿದ್ದ ಮಂಟಪದ ಪರದೆ ಮಾತ್ರ ಗಾಳಿಗೆ ನಿರಾತಂಕವಾಗಿ ಆಡುತ್ತಿತ್ತು. ಚಕ್ರದ ಸುಳಿವೇ ಇಲ್ಲ.

ಬಾಮೈದ ಕೆಮ್ಮಿದ. ಹೆಂಡತಿ ಫ್ಯಾನು ನೋಡತೊಡಗಿದಳು.

"ಅಯ್ಯೋ, ಹೊಸದೂ ಕೆಟ್ಟೋಯ್ತೇ ಅಳಿಯಂದ್ರೆ?" ಎಂದರು ಅತ್ತೆ, ನಿಜವಾದ ಕಾಳಜಿಯಿಂದ.

ಡಿಸ್ಕೋ, ಕಂಠವೋ? ಎರಡರಲ್ಲಿ ಒಂದರ ಮಾನ ಹೋಗಲೇಬೇಕಿತ್ತು. ಯಜಮಾನರು ತಲೆ ತಗ್ಗಿಸದೆ ತೀರ್ಪು ಕೊಟ್ಟರು: "ಹೌದು ಅತ್ತೆ. ಡಿಸ್ಕೇ ಸರಿಯಿಲ್ಲ."

"ಹೋಗ್ಲಿ ಬಿಡಿ. ಡಿಸ್ಕ್ ಕೆಟ್ರೆ ಕಂಠ ಕೆಡತ್ಯೇ? ನೀವೇ ಎದುರಿಗಿದ್ದೀರಲ್ಲ" ಎನ್ನುತ್ತ ಅತ್ತೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. "ಅದೇ ಹಾಡು ಹೇಳಿ, ಕಣ್ತುಂಬ ನೋಡ್ತಾ ಕೇಳ್ತೀನಿ."

ಹಿಂದೆ ಸರಿಯುವುದು ಯಜಮಾನರ ಜಾಯಮಾನವಲ್ಲ. ಅವರು ಗಂಟಲು ಸರಿಮಾಡಿಕೊಂಡರು. ಹೆಂಡತಿ ಎದ್ದುಹೋಗಿ ಬೀದಿ ಕಡೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ ಬಂದಳು.