ಕೆಂಚಿ ಬಾಯಿ ಹಾಕದ ಪೊಂಗಲ್

ನನಗೆ ಸಂಗೀತ ಗೊತ್ತು. ಇದನ್ನು ನಾನೇ ಹೇಳಿಕೊಳ್ಳಬಾರದು ನಿಜ, ಆದರೆ ಬೇರೆ ಯಾರೂ ಹೇಳುವುದಿಲ್ಲವಲ್ಲ! ತಮಿಳುನಾಡಿನ ಈ ಕಂಬಂ ಕಣಿವೆಯಲ್ಲಿ ನನ್ನ ಹಾಗೆ ದ್ರಾಕ್ಷಿ ಬೆಳೆಯುವವರು ಎಷ್ಟೋ ಜನರಿದ್ದಾರೆ. ಒಂದೇ ಹಾಡನ್ನು ಮೂರು ಮನೆಯವರ ಬಾಯಲ್ಲಿ ಕೇಳಿ, ಇದು ಉತ್ತಮ, ಇದು ಮಧ್ಯಮ, ಇದು ಅಧಮ ಎಂದು ಅಲ್ಲೇ ತೀರ್ಪು ಕೊಡಬಲ್ಲವನು ಮಾತ್ರ ನಾನೊಬ್ಬನೇ.

ಹಾಡು ಅಂದರೆ ಮಾಟ್ಟುಪ್ಪೊಂಗಲ್ ದಿನ, ದನಗಳ ಹಬ್ಬದಂದು, ಹಸುವಿನ ಮುಂದೆ ಹಾಡುವ ಹಾಡು. ಬೀದಿಯಲ್ಲಿ, ಬಸ್ಸಿನಲ್ಲಿ, ಮಂಡಿಯಲ್ಲಿ ತಮಿಳು ಮಾತಾಡುವ ನಾವು ಹಸುವಿಗೆ ಮಾತ್ರ ಕನ್ನಡದಲ್ಲೇ ಹಾಡುತ್ತೇವೆ. ಹಸುವಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬಾಳೆ ಎಲೆಯಲ್ಲಿ ಪೊಂಗಲ್ ಇಟ್ಟು ಹೆಂಗಸರು ಹಾಡಬೇಕು. ಹಸು ಎಲೆಗೆ ಬಾಯಿ ಹಾಕುವವರೆಗೆ ಮನೆಯಲ್ಲಿ ಯಾರೂ ಒಂದು ತುತ್ತೂ ತಿನ್ನುವಂತಿಲ್ಲ. ಮನೆಗೆ ಅಳಿಯ ಬಂದಿದ್ದರೂ ಅಷ್ಟೇ.

ಈ ವರ್ಷ ಅಳಿಯ ಬಂದಿದ್ದರು. ಮಗಳ ಮದುವೆಯಾದ ಮೇಲಿನ ಮೊದಲ ಪೊಂಗಲ್. ದಿಂಡಿಗಲ್ಲಿನಲ್ಲಿ ಅವರದು ಬೀಗದ ಅಂಗಡಿ. ಮನುಷ್ಯನೂ ಬೀಗದ ಹಾಗೆಯೇ, ಕೇಳಿದರೆ ಮಾತ್ರ ಬಾಯಿ ತೆರೆಯುತ್ತಾರೆ. ಅಂಥವರು ಊರಿಗೆ ಹೋಗಿ, 'ನಮ್ಮ ಮಾವನ ಮನೆ ಹಬ್ಬ ಅಂದರೆ ಹಬ್ಬ!' ಎನ್ನಬೇಕೆಂದು ನನ್ನ ಮನಸ್ಸು ತುಂಬಾ ಬಯಸಿತ್ತು. ಅದಕ್ಕಾಗಿ ನಾನು ಏನು ಮಾಡಲೂ ಸಿದ್ಧನಿದ್ದೆ. ಮಾಡಿಯೂ ಬಿಟ್ಟೆ.

ಹಬ್ಬಕ್ಕೆ ಮುಂಚೆಯೇ ಅಕ್ಕನನ್ನು ತೇನಿಗೆ ಕರೆದುಕೊಂಡು ಹೋಗಿ, ಒಂದು ಸ್ಟುಡಿಯೋದಲ್ಲಿ ಅವಳ ಹಾಡನ್ನು ರೆಕಾರ್ಡ್ ಮಾಡಿಸಿದೆ. ಅಕ್ಕನದು ನಮ್ಮ ಮನೆಯ ಹಾಡು. ಚುರುಕಾದ ಹಾಡು, ಶುರುವಾಗಿದ್ದು ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೆ ಡ್ರಮ್ ಸೇರಿಸಿದರು, ಕೀಬೋರ್ಡ್ ಸೇರಿಸಿದರು, ಸ್ಟುಡಿಯೋದವರಿಗೆ ಇನ್ನೇನು ತೋಚಿತೋ ಅದನ್ನೂ ಸೇರಿಸಿದರು. ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಕೂಡಲೇ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ, ಜೊತೆಗೆ ನನ್ನ ಧ್ವನಿಯಲ್ಲೇ ತೀರ್ಪನ್ನೂ ಕಳಿಸಿದೆ: ಸ್ಟುಡಿಯೋ ಹಾಡು ಉತ್ತಮ, ಅಕ್ಕನ ಬರೀ ಹಾಡು ಮಧ್ಯಮ, ಹನುಮಂತನಪಟ್ಟಿಯ ಹಾಡು ಅಧಮ, ಅದು ಬಹಳ ಉದ್ದ, ಮೇಲಾಗಿ ಮೂಗಿನಿಂದ ಬರುತ್ತದೆ.

ಹನುಮಂತನಪಟ್ಟಿ ನನ್ನ ಹೆಂಡತಿ ರಾಜಮ್ಮನ ತವರು. ಆ ಮೂಗೂ ಅವಳದೇ.

ರಾಜಮ್ಮ ಜಗಳ ಆಡಲಿಲ್ಲ. "ಶರಿ, ನಿಮ್ಮಿಷ್ಟ" ಎಂದಳಷ್ಟೇ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮಾತಿಗೆ ಹೆದರಬೇಕೆಂದು ನಾನು ಕಲಿತಿರಲಿಲ್ಲ.

ಹಬ್ಬದ ದಿನ ಅಂಗಳದಲ್ಲಿ ಬಾಡಿಗೆ ಸ್ಪೀಕರ್, ಮೈಕು ಎಲ್ಲ ಸಜ್ಜಾದವು. ಕೆಂಚಿ, ಅಂದರೆ ಇದೇ ಮೊದಲ ಸಲ ಹಬ್ಬದ ಎಲೆ ಪಡೆಯುವ ನಮ್ಮ ಹಸು, ಹಳದಿ ಕೊಂಬು, ಕೊರಳಲ್ಲಿ ಚೆಂಡುಹೂವಿನ ಹಾರದೊಂದಿಗೆ ನಿಂತಿತ್ತು. ಅಳಿಯ ಬಿಳಿ ಪಂಚೆಯಲ್ಲಿ ನಿಂತಿದ್ದರು. ಪೊಂಗಲ್ಲಿನ ತುಪ್ಪದ ಪರಿಮಳಕ್ಕೆ ಅವರ ಮೂಗು ಆಗಾಗ ಅಡುಗೆಮನೆಯ ಕಡೆ ತಿರುಗುತ್ತಿತ್ತು. "ಒಂದೇ ನಿಮಿಷ ಮಾಪ್ಳೆ, ಕೆಂಚಿ ಬಾಯಿ ಹಾಕಿದ ಕೂಡಲೇ ಎಲೆ ಹಾಕ್ತೀವಿ" ಎಂದು ಸ್ವಿಚ್ ಒತ್ತಿದೆ.

ಧಡಾರ್!

ಡ್ರಮ್ಮಿನ ಮೊದಲ ಪೆಟ್ಟಿಗೆ ಕೆಂಚಿ ಗೂಟದ ಆ ಕಡೆಗೆ ಜಿಗಿಯಿತು. ಮಗಳು ಬೆಳಗಿನಿಂದ ಕೂತು ಹಾಕಿದ್ದ ರಂಗೋಲಿ ಮಣ್ಣಾಯಿತು. ಶಬ್ದ ಕಡಿಮೆ ಮಾಡಿದೆ. ಕೆಂಚಿ ಪೊಂಗಲ್ಲಿಗೆ ಬೆನ್ನು ತಿರುಗಿಸಿ ಸ್ಪೀಕರನ್ನೇ ದುರುಗುಟ್ಟಿ ನೋಡುತ್ತ ನಿಂತಿತು.

"ಯಂತ್ರ ಪಾಡಿದ್ರೆ ಪಸು ಉಣ್ತದಾ ತಂಬಿ? ಅತ್ಲಾಗಿ ಸರಿ" ಎಂದು ಅಕ್ಕ ಸೆರಗು ಸಿಕ್ಕಿಸಿ ಮುಂದೆ ಬಂದಳು. ಹಾಡಿ ಮುಗಿಸಿದಳು. ಕೆಂಚಿ ಅಲುಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೂ ಚುರುಕಾಗಿ ಹಾಡಿದಳು. ಆಮೇಲೆ ಉಸಿರು ಸಿಗದೆ ಕಟ್ಟೆಯ ಮೇಲೆ ಕುಳಿತು, "ಇದು ನಮ್ಮೂರ್ ಪಸುವೇ ಅಲ್ಲ ಬುಡು!" ಎಂದು ಘೋಷಿಸಿದಳು.

ಅಕ್ಕನ ಮಾತು ನಿಜ. ಕೆಂಚಿ ಕರುವಾಗಿದ್ದಾಗ ನನ್ನ ಭಾವಮೈದುನ ಹನುಮಂತನಪಟ್ಟಿಯಿಂದ ತಂದು ಕೊಟ್ಟಿದ್ದ. ಆದರೆ ಅದನ್ನು ಯೋಚಿಸುವ ತಾಳ್ಮೆ ಆಗ ಯಾರಿಗಿತ್ತು? ಅಳಿಯನ ಹೊಟ್ಟೆಯಿಂದ ಒಂದು ಸಣ್ಣ ಶಬ್ದ ಬಂತು. ಅವರು ಕೆಮ್ಮಿ ಅದನ್ನು ಮುಚ್ಚಿದರು. ಮನೆಯ ಮಾನ ಕಣ್ಣೆದುರೇ ಹೋಗುತ್ತಿತ್ತು. ನಾನು ಮೈಕು ಹಿಡಿದೆ.

ಹೌದು, ನಾನೇ! ಕಣ್ಣು ಮುಚ್ಚಿ, ಮೊದಲ ಸಾಲನ್ನು ಎತ್ತರದ ಶ್ರುತಿಯಲ್ಲಿ ಹಾಡಿದೆ. ಕಣ್ಣು ತೆರೆದಾಗ ಕೆಂಚಿ ಹಿಂಗಾಲು ಝಾಡಿಸಿಯಾಗಿತ್ತು. ಅರಿಶಿನದ ನೀರಿನ ಪಾತ್ರೆ ಹಾರಿ, ನೀರೆಲ್ಲ ಅಳಿಯನ ಬಿಳಿ ಪಂಚೆಯ ಮೇಲಿತ್ತು.

"ಪರವಾಯಿಲ್ಲೆ ಮಾಮಾ" ಎಂದರು ಅಳಿಯ. ಒಳ್ಳೆಯ ಮನೆತನದವರು.

ಇಷ್ಟೂ ಹೊತ್ತು ರಾಜಮ್ಮ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದಳು. ಇಷ್ಟು ಸಂತೋಷವಾಗಿ ಅವಳು ಮಗಳ ಮದುವೆಯಲ್ಲೂ ಇರಲಿಲ್ಲ. ನಾನು ಹತ್ತಿರ ಹೋಗಿ ಮೆಲ್ಲಗೆ, "ನೀನೊಂದ್ಸಲ ಪಾಡಿ ನೋಡು" ಎಂದೆ.

"ಏನಂಗ, ಕಡೇ ನಂಬರ್ ಪಾಟ್ಟು ಅಲ್ವಾ ನಂದು? ಮಾಪ್ಳೆ ಮುಂದೆ ಪಾಡಿದ್ರೆ ನಿಮ್ಗೇ ಅಸಿಂಗ, ಮಾನಗೇಡು."

"ತಪ್ಪಾಯ್ತು ಮಾರಾಯ್ತಿ."

"ನನ್ ಕಿವೀಲಿ ಹೇಳಿದ್ರೆ ಎಂಗೆ? ಗುಂಪಲ್ಲಿ ಎಲ್ರಿಗೂ ಹೇಳಿದ್ರಲ್ಲ. ಅದೋ, ಮೈಕು ನಿಮ್ ಕೈಯಾಗೇ ಐತೆ."

ಅಳಿಯನ ಹೊಟ್ಟೆ ಮತ್ತೆ ಮಾತಾಡಿತು. ಈ ಸಲ ಅವರು ಕೆಮ್ಮಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, "ಹನುಮಂತನಪಟ್ಟಿಯ ಹಾಡೇ ಎಲ್ಲಕ್ಕಿಂತ ಉತ್ತಮವೆಂದು ಈ ಮೂಲಕ ಸರ್ವರಿಗೂ ತಿಳಿಸುತ್ತೇನೆ" ಎಂದು ಮೈಕಿನಲ್ಲಿ ಹೇಳಿದೆ. ನಲ್ಲಿ ನೀರು ಬಿಡುವ ಪ್ರಕಟಣೆಯಿರಬೇಕೆಂದು ಎದುರು ಮನೆಯವರು ಕೊಡ ಹಿಡಿದು ಹೊರಗೆ ಬಂದರು.

ರಾಜಮ್ಮ ಕೆಂಚಿಯ ಕೊರಳ ಕೆಳಗಿನ ಗಂಗೆದೊಗಲು ತುರಿಸುತ್ತ ಹಾಡತೊಡಗಿದಳು. ಕೆಂಚಿಯ ಕಿವಿ ಥಟ್ಟನೆ ನೆಟ್ಟಗಾಯಿತು. ದಿನಾ ಬೆಳಗ್ಗೆ ಹಾಲು ಕರೆಯುವಾಗ ರಾಜಮ್ಮ ಇದೇ ಹಾಡನ್ನು ಹಾಡುತ್ತಾಳಂತೆ. ಆ ಹೊತ್ತಿನಲ್ಲಿ ನಾನು ಮಲಗಿರುವುದರಿಂದ ನನಗೆ ತಿಳಿಯುವ ದಾರಿಯೇ ಇರಲಿಲ್ಲ.

ಆದರೆ ಉದ್ದದ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳಲ್ಲ! ಹಾಡು ಕೆಂಚಿಯ ತಾಯಿಯನ್ನು ಹೊಗಳಿತು, ಅಜ್ಜಿಯನ್ನು ಹೊಗಳಿತು, ಅಜ್ಜಿ ನೀರು ಕುಡಿದ ಬಾವಿಯನ್ನು ಹೊಗಳಿತು. ಬೋಡಿಮೆಟ್ಟು ಬೆಟ್ಟದ ಮೋಡವನ್ನು ಕೈಮುಗಿದು ಕರೆಯಿತು, ಅದು ಬರುವವರೆಗೆ ಕಾಯಿತು. ಕೆಂಚಿ ತಲೆದೂಗುತ್ತ ಕೇಳಿತೇ ಹೊರತು ಎಲೆಯ ಕಡೆ ನೋಡಲಿಲ್ಲ. ಅದಕ್ಕೆ ಇಡೀ ಹಾಡು ಬೇಕಿತ್ತು. ಅಳಿಯ ಗೋಡೆಗೆ ಒರಗಿದರು. ಆಮೇಲೆ ಕುಳಿತರು. ಕೊನೆಯ ಸಾಲು ಮುಗಿದದ್ದೇ ತಡ, ಕೆಂಚಿ ಬಗ್ಗಿ ಪೊಂಗಲ್ ಜೊತೆಗೆ ಎಲೆಯನ್ನೂ ನುಂಗಿತು. ಅಕ್ಕ ಕೂಡ ಚಪ್ಪಾಳೆ ತಟ್ಟಿದಳು. ನಿಜ ಹೇಳಬೇಕೆಂದರೆ, ಹಾಡು ನನಗೂ ಇಷ್ಟವಾಯಿತು. ಅವಳು ಅಷ್ಟು ಚೆನ್ನಾಗಿ ಹಾಡುತ್ತಾಳೆಂದು ಗೊತ್ತಿರಲಿಲ್ಲ, ಪೂರ್ತಿ ಕೇಳಲು ನಾನೆಂದೂ ಕೂತಿರಲಿಲ್ಲ.

ಊಟಕ್ಕೆ ಕುಳಿತೆವು. ಅಳಿಯ ತಲೆ ಎತ್ತದೆ ತಿಂದರು. ಎಲ್ಲರೂ ನಗುನಗುತ್ತ ಇದ್ದರು, ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ.

"ಸಂಕೋಚ ಬೇಡ ಮಾಪ್ಳೆ, ಇವತ್ತು ಕೇಳಿದ್ದರಲ್ಲಿ ನಿಮಗೆ ಯಾವ್ದು ಪಿಡಿಸ್ತು?" ಎಂದೆ.

ರಾಜಮ್ಮನ ಸೌಟು ನಿಂತಿತು. ಅಕ್ಕ ಅಗಿಯುವುದನ್ನು ನಿಲ್ಲಿಸಿದಳು. ಅಳಿಯ ತುತ್ತು ನುಂಗಿ, "ನಿಮ್ದೇ ಮಾಮಾ" ಎಂದರು.

ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ. "ಕೇಳಿದ್ರಾ? ಯಾಕೆ ಅಂತಾನೂ ಹೇಳಿ ಮಾಪ್ಳೆ, ಎಲ್ರೂ ತಿಳ್ಕೊಳ್ಳಲಿ."

"ನಿಮ್ದು ಒಂದೇ ಸಾಲಿಗೆ ಮುಗ್ದೋಯ್ತಲ್ಲ ಮಾಮಾ. ನಂಗೆ ಹೊಟ್ಟೆ ಪಸಿ ತಾಳಕ್ಕಾಗ್ತಿರ್ಲಿಲ್ಲ."

ರಾಜಮ್ಮ ನನ್ನ ಎಲೆಗೆಂದು ತಂದ ತುಪ್ಪವನ್ನೂ ಅವರ ಎಲೆಗೇ ಸುರಿದಳು.